ಊರಿನ ಡಿಶ್ ಬಾಕ್ಸ್ ಶಾರ್ಜಾದಲ್ಲಿ ಹಾಕಿದ್ದು ತಪ್ಪಾ? ಗಡಿ ದಾಟುವ ಟಿವಿಗೆ ರೂಲ್ ಮಾಡುವವರು ಯಾರು?

ಕುಡ್ಲದಿಂದ ಶಾರ್ಜಾ

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ದಯವಿಟ್ಟು ತಿಳಿಸಿ, ಮನಸ್ಸಿಗೆ ಬಹಳ ಕಿರಿಕಿರಿ ಆಗಿದೆ.

ನಾನು ಶಾರ್ಜಾಕ್ಕೆ ಬಂದು ಹನ್ನೊಂದು ವರ್ಷ. ಅಮ್ಮ ನಮ್ಮ ಜೊತೆಗೇ ಇರುವುದು. ಅವರಿಗೆ ಬೆಳಿಗ್ಗೆ ಕನ್ನಡ ವಾರ್ತೆ, ಸಂಜೆ ಧಾರಾವಾಹಿ ಇಲ್ಲದಿದ್ದರೆ ದಿನವೇ ಹೋಗುವುದಿಲ್ಲ. ನಮ್ಮ ಕಟ್ಟಡಕ್ಕೆ ಬರುವ ಪ್ಯಾಕಿನಲ್ಲಿ ಹಿಂದಿ ಇದೆ, ಮಲಯಾಳಂ ಇದೆ, ತಮಿಳು ಇದೆ. ಕನ್ನಡ ಕೇಳಿದರೆ ಇಲ್ಲ ಅಂತ ತಲೆ ಆಡಿಸುತ್ತಾರೆ. ಹಾಗಾಗಿ ಮೂರು ವರ್ಷದ ಹಿಂದೆ ಊರಿಗೆ ಹೋದಾಗ ಒಂದು ಡಿಶ್ ಬಾಕ್ಸ್ ತಂದೆ. ಊರಲ್ಲಿ ಎರಡಡಿ ಡಿಶ್ ಸಾಕು. ಇಲ್ಲಿ ಸಿಗ್ನಲ್ ವೀಕು, ನಾಲ್ಕಡಿಯದ್ದು ಹಾಕಬೇಕಾಯಿತು. ತಮ್ಮ ಮಂಗಳೂರಿನಿಂದ ಪ್ರತಿ ತಿಂಗಳು ರೀಚಾರ್ಜ್ ಮಾಡುತ್ತಿದ್ದ. ಒಂದು ತಿಂಗಳೂ ತಪ್ಪಿಲ್ಲ.

ಕಳೆದ ವಾರ ಬಾಕ್ಸ್ ಬಂದ್ ಆಯಿತು. ತಮ್ಮ ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ "ಬಾಕ್ಸ್ ಇರುವ ಮನೆ ವಿಳಾಸ ಹೇಳಿ, ಹುಡುಗನನ್ನು ಕಳಿಸುತ್ತೇವೆ" ಅಂದರಂತೆ. ಅವನು ಏನು ಹೇಳಲಿ? ಅದೇ ವಾರ ಇಲ್ಲಿ ಕಟ್ಟಡದವರು ಟೆರೇಸಿನ ಡಿಶ್ ಎಲ್ಲ ತೆಗೆಯಿರಿ ಅಂತ ಲಿಫ್ಟಿನ ಪಕ್ಕ ನೋಟಿಸ್ ಅಂಟಿಸಿದ್ದಾರೆ.

ದುಡ್ಡು ಕೊಟ್ಟೇ ನೋಡಿದ್ದು ಮಾರಾಯ್ರೆ. ಕದ್ದದ್ದಲ್ಲ. ಸಿಗ್ನಲ್ ತಾನಾಗಿ ಇಲ್ಲಿವರೆಗೆ ಬರುತ್ತದೆ, ನಾನು ಹಿಡಿಯುತ್ತೇನೆ. ಇದರಲ್ಲಿ ತಪ್ಪು ಏನು?

ಹುಬ್ಬಳ್ಳಿ ಹಳೇ ಕೇಬಲ್

ತಮ್ಮಾ, ನಿನ್ನ ತಾಯಿಯವರ ಬೇಜಾರು ನನಗೆ ಅರ್ಥ ಆಗುತ್ತದೆ. 1992ರಿಂದ ಹದಿನೇಳು ವರ್ಷ ಕೇಬಲ್ ನಡೆಸಿದವನು ನಾನು. ಸಂಜೆ ಏಳಕ್ಕೆ ಚಾನೆಲ್ ಹೋದರೆ ಮನೆ ಬಾಗಿಲಿಗೆ ಯಾರು ಬರುತ್ತಾರೆ, ಏನು ಅನ್ನುತ್ತಾರೆ ಎಲ್ಲ ಕಂಡಿದ್ದೇನೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನೀನು ದುಡ್ಡು ಕೊಟ್ಟಿದ್ದು ನಿಜ. ಆದರೆ ಆ ದುಡ್ಡು ಭಾರತದೊಳಗೆ ನೋಡುವುದಕ್ಕೆ. ಡಿಟಿಎಚ್ ಕಂಪನಿಗೆ, ಅಂದರೆ ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಟಿವಿ ಕೊಡುವವರಿಗೆ, ಭಾರತ ಸರ್ಕಾರ ಕೊಟ್ಟಿರುವ ಲೈಸೆನ್ಸ್ ಭಾರತಕ್ಕೆ ಮಾತ್ರ. ಚಾನೆಲ್‌ನವರು ಸಿನಿಮಾ, ಕ್ರಿಕೆಟ್ ಕೊಳ್ಳುವಾಗಲೂ ಇಂತಿಂಥ ದೇಶಕ್ಕೆ ಅಂತ ಬರೆಸಿಕೊಂಡೇ ಕೊಳ್ಳುತ್ತಾರೆ. ಕೊಲ್ಲಿ ದೇಶದ ಹಕ್ಕು ಬೇರೆಯವರ ಕೈಯಲ್ಲಿರುತ್ತದೆ. ಅಂಗಡಿ ಸರಿ, ದುಡ್ಡು ಸರಿ, ನೋಡಿದ ಜಾಗ ತಪ್ಪು. ಸಿಗ್ನಲ್ ಬರುತ್ತದಲ್ಲ ಅಂದರೆ, ಉಪಗ್ರಹದ ಬೀಮ್ ಸುತ್ತಲೂ ಸೋರುತ್ತದೆ. ಸೋರಿದ ಕಡೆಯೆಲ್ಲ ನೋಡಲು ಪರವಾನಗಿ ಇರುತ್ತದೆ ಅಂತ ಅಲ್ಲ.

ಆದರೆ ಒಂದು ಮಾತು. ನೀನು ಇವತ್ತು ಮಾಡಿದ್ದನ್ನೇ ನಾವು ಆಗ ಇಡೀ ದೇಶ ಸೇರಿ ಮಾಡಿದ್ದೆವು.

1991ರಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಶುರುವಾಯಿತು. ಏಷಿಯಾಸ್ಯಾಟ್-1 ಉಪಗ್ರಹ, 105.5 ಡಿಗ್ರಿ ಪೂರ್ವ. ನಾನು ಮನೆ ಮಾಳಿಗೆ ಮೇಲೆ ಹನ್ನೆರಡಡಿ ಜಾಲರಿ ಡಿಶ್ ಹಾಕಿದೆ. ಮುಖ ಪೂರ್ವಕ್ಕೆ, ಸ್ವಲ್ಪ ದಕ್ಷಿಣ ಸೇರಿಸಿ. ಮೇಲೆ ನಾನು ಪಾನಾ ಹಿಡಿದು ನಟ್ ಒಂದೊಂದು ಎಳೆ ತಿರುಗಿಸಬೇಕು. ಕೆಳಗೆ ಟಿವಿ ಮುಂದೆ ಕೂತ ತಮ್ಮ "ಬಂತು, ಬಂತು, ಹೋಯ್ತು" ಅಂತ ಕೂಗಬೇಕು. ಪರದೆ ತುಂಬ ಬಿಳಿ ಚುಕ್ಕಿ. ಚುಕ್ಕಿ ಕಮ್ಮಿ ಆಗುತ್ತಾ ಆಗುತ್ತಾ ಬಿಬಿಸಿಯ ಒಂದು ಮುಖ ಕಂಡಿತು. ಮಧ್ಯಾಹ್ನ ಹತ್ತಿದವನು ಕತ್ತಲಾದ ಮೇಲೆ ಇಳಿದೆ. ಅದಕ್ಕೆ ಯಾವ ಸರ್ಕಾರದ ಅನುಮತಿ ಇತ್ತು? ಯಾವುದೂ ಇರಲಿಲ್ಲ. ಆಗ ಇದ್ದ ಕಾನೂನು 1885ರ ಟೆಲಿಗ್ರಾಫ್ ಕಾಯ್ದೆ. ತಂತಿ ಕಾಲದ ಕಾನೂನಿನಲ್ಲಿ ಆಕಾಶದಿಂದ ಇಳಿಯುವ ಎಂಟಿವಿಯನ್ನು ಎಲ್ಲಿ ಹುಡುಕುವುದು?

ಜೀ ಟಿವಿ 1992ರ ಅಕ್ಟೋಬರ್ 2ಕ್ಕೆ ಬಂತು. ಕಾರ್ಯಕ್ರಮ ನಮ್ಮ ದೇಶದ್ದು, ನೋಡುವವರು ನಾವು. ಆದರೆ ಭಾರತದ ನೆಲದಿಂದ ಉಪಗ್ರಹಕ್ಕೆ ಸಿಗ್ನಲ್ ಏರಿಸಲು ಖಾಸಗಿಯವರಿಗೆ ಆಗ ಅವಕಾಶವೇ ಇರಲಿಲ್ಲ. ಇಲ್ಲಿ ತಯಾರಾದ ಕಾರ್ಯಕ್ರಮ ಹಾಂಗ್‌ಕಾಂಗ್‌ಗೆ ಹೋಗಿ, ಅಲ್ಲಿಂದ ಮೇಲೇರಿ, ನನ್ನ ಮಾಳಿಗೆಗೆ ಇಳಿಯುತ್ತಿತ್ತು. 1994ರಲ್ಲಿ ಉದಯ ಟಿವಿ ಬಂದಾಗಲೂ ಇದೇ ಕಾನೂನು. ಕನ್ನಡದ ಮೊದಲ ಖಾಸಗಿ ಚಾನೆಲ್ಲಿನ ಸಿಗ್ನಲ್ಲೂ ಹೊರದೇಶದ ನೆಲದಿಂದ ಏರಿಯೇ ಬಂದದ್ದು. ಮೊದಲ ದಿನ ನಮ್ಮ ಓಣಿಯ ಅಜ್ಜಿಯೊಬ್ಬರು ಪರದೆ ಮೇಲೆ ಕನ್ನಡ ಅಕ್ಷರ ಕಂಡು "ದೂರದರ್ಶನ ಅಲ್ಲದೆನೂ ಕನ್ನಡ ಬರ್ತದಾ?" ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಲಾ ಓದುವವಳು, ಮೈಸೂರು

ಕಾಕಾ, ಇದನ್ನು ಓದಿ ಬಹಳ ಖುಷಿಯಾಯಿತು. ನಾವು ಕ್ಲಾಸಿನಲ್ಲಿ ಸೆಕ್ಷನ್ ನಂಬರ್ ಓದುತ್ತೇವೆ, ನೀವು ಅದನ್ನು ಮಾಳಿಗೆ ಮೇಲೆ ನಿಂತು ಕಂಡಿದ್ದೀರಿ. ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

1993ರ ಹೀರೋ ಕಪ್ ಕ್ರಿಕೆಟ್ ನೆನಪಿದೆಯಾ? ಬಂಗಾಳದ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿಗೆ ಕೊಟ್ಟಿತು. ದೂರದರ್ಶನ ಮತ್ತು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಪ್ಪಲಿಲ್ಲ. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿ 9ರಂದು ತೀರ್ಪು ಬಂತು. ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವೂ ಅಲ್ಲ, ದುಡ್ಡಿದ್ದವರ ಆಸ್ತಿಯೂ ಅಲ್ಲ, ಸ್ವತಂತ್ರವಾದ ಒಂದು ಪ್ರಾಧಿಕಾರ ನೋಡಿಕೊಳ್ಳಬೇಕು ಅಂತ. ಆ ಪ್ರಾಧಿಕಾರ ಖಾಸಗಿ ಚಾನೆಲ್‌ಗಳ ವಿಷಯಕ್ಕೆ ಇವತ್ತಿಗೂ ಆಗಿಲ್ಲ. ಅನುಮತಿ ಕೊಡುವುದು, ನಿಲ್ಲಿಸುವುದು ಎರಡೂ ಸಚಿವಾಲಯದ ಕೈಯಲ್ಲೇ ಇದೆ. ನನಗೆ ಅತಿ ಹೆಚ್ಚು ಕಾಡುವ ವಿಷಯ ಇದು.

ಅದೇ ವರ್ಷ ಕೇಬಲ್ ಟಿವಿ ಕಾಯ್ದೆ ಬಂತು. ಅದರ 5ನೇ ಸೆಕ್ಷನ್ ಕಾರ್ಯಕ್ರಮ ಹೀಗಿರಬೇಕು ಅನ್ನುವ ಸಂಹಿತೆಯದ್ದು. ಆದರೆ ಅದಕ್ಕೊಂದು ಬಾಲ ಇತ್ತು. ಡಿಕೋಡರ್, ಅಂದರೆ ಬೀಗ ಹಾಕಿದ ಸಿಗ್ನಲ್ ಬಿಡಿಸುವ ಪೆಟ್ಟಿಗೆ, ಇಲ್ಲದೆ ಸಿಗುವ ವಿದೇಶಿ ಉಪಗ್ರಹ ಚಾನೆಲ್‌ಗಳಿಗೆ ಈ ಸಂಹಿತೆ ಅನ್ವಯಿಸುವುದಿಲ್ಲ ಅಂತ! ಗಡಿ ದಾಟಿ ಬರುವುದನ್ನು ನೋಡಿಕೊಳ್ಳಲು ಮಾಡಿದ ಕಾನೂನು, ಪುಕ್ಕಟೆ ಬರುವ ವಿದೇಶಿ ಚಾನೆಲ್‌ಗಳನ್ನು ಹೊರಗೆ ಬಿಟ್ಟಿತ್ತು. 2000ದ ತಿದ್ದುಪಡಿಯಲ್ಲಿ ಆ ಬಾಲ ಕತ್ತರಿಸಿದರು.

ಹುಬ್ಬಳ್ಳಿ ಹಳೇ ಕೇಬಲ್

ತಂಗಿ, ಬಾಲದ ವಿಷಯ ಸರಿಯಾಗಿ ನೆನಪಿಸಿದಿರಿ. ನಮ್ಮ ಕಡೆಯಿಂದ ಅದು ಹೇಗೆ ಕಂಡಿತು ಹೇಳುತ್ತೇನೆ.

ಕೇಬಲ್‌ನವರು ಹೆಡ್ ಪೋಸ್ಟ್ ಆಫೀಸಿನಲ್ಲಿ ರಿಜಿಸ್ಟರ್ ಆಗಬೇಕು ಅಂತ ರೂಲ್ ಬಂತು. ಫೀಸು 50 ರೂಪಾಯಿ. ಸ್ಟಾಂಪ್, ಮನಿಆರ್ಡರ್ ಸಾಲಿನ ಪಕ್ಕದ ಕಿಟಕಿಯಲ್ಲಿ ಫಾರ್ಮ್ ಕೊಟ್ಟು, ಸೀಲ್ ಹೊಡೆಸಿಕೊಂಡು ಬಂದೆ. ಆ ಕಾಗದವನ್ನು ಕಟ್ಟು ಹಾಕಿಸಿ ಕಂಟ್ರೋಲ್ ರೂಮಿನ ಗೋಡೆಗೆ ತೂಗು ಹಾಕಿದೆ. ಅವತ್ತಿನಿಂದ ಹಾಂಗ್‌ಕಾಂಗ್‌ನಲ್ಲಿ ಏನು ಪ್ರಸಾರ ಆದರೂ ಕೇಳುವುದು ಹುಬ್ಬಳ್ಳಿಯ ನನ್ನನ್ನೇ. ಚಾನೆಲ್ ಮಾಡಿದವನು ಸಿಗುವುದಿಲ್ಲ, ಉಪಗ್ರಹ ಸಿಗುವುದಿಲ್ಲ, ತಂತಿ ಎಳೆದವನು ಸಿಗುತ್ತಾನೆ. ಅಧಿಕಾರಿ ಬಂದು ಸಾಮಾನು ಜಪ್ತಿ ಮಾಡಬಹುದಿತ್ತು. ತಪ್ಪಿಗೆ ಎರಡು ವರ್ಷದ ತನಕ ಜೈಲು ಅಂತಲೂ ಬರೆದಿತ್ತು.

ಕಾನೂನು ಮಾಡುವವರಿಗೆ ಯಾರು ಕೈಗೆ ಸಿಗುತ್ತಾರೋ ಅವರ ಮೇಲೆ ಭಾರ ಬೀಳುತ್ತದೆ. ಗಡಿ ದಾಟುವ ಟಿವಿಯ ಕಷ್ಟ ಇಷ್ಟೇ ತಮ್ಮಾ. ಮಾಡಿದವನು ಒಂದು ದೇಶದಲ್ಲಿ, ನೋಡುವವನು ಇನ್ನೊಂದರಲ್ಲಿ. ಉತ್ತರ ಕೊಡುವವನು ಎಲ್ಲಿರಬೇಕು?

ಲಾ ಓದುವವಳು, ಮೈಸೂರು

ಅದಕ್ಕೆ ನಮ್ಮ ದೇಶ ಹುಡುಕಿದ ಉತ್ತರ 2005ರ ಡೌನ್‌ಲಿಂಕ್ ನಿಯಮ, ಕಾಕಾ. ಎಲ್ಲಿಂದ ಬೇಕಾದರೂ ಸಿಗ್ನಲ್ ಏರಿಸಿ, ಭಾರತದ ಮನೆಗಳಿಗೆ ಇಳಿಸಬೇಕಾದರೆ ಇಲ್ಲಿ ನೋಂದಾಯಿಸಿದ ಒಂದು ಕಂಪನಿ ಬೇಕು. ಆ ಕಂಪನಿ ಹೊಣೆ ಹೊರಬೇಕು. ಪ್ರಸಾರವಾದದ್ದನ್ನು 90 ದಿನ ರೆಕಾರ್ಡ್ ಮಾಡಿ ಇಟ್ಟಿರಬೇಕು. ನಿಯಮಗಳು 2011ರಲ್ಲಿ ಬದಲಾದವು, 2022ರ ನವೆಂಬರಿನಲ್ಲಿ ಮತ್ತೆ ಹೊಸದಾಗಿ ಬಂದವು. ಮೂಲ ಎಳೆ ಅದೇ. ಇಲ್ಲಿಂದಲೇ ಏರಿಸುವ ಚಾನೆಲ್ ಡೌನ್‌ಲಿಂಕ್‌ಗೆ ವರ್ಷಕ್ಕೆ 5 ಲಕ್ಷ ರೂಪಾಯಿ ಕಟ್ಟಿದರೆ, ಹೊರಗಿನಿಂದ ಏರಿಸುವುದು 15 ಲಕ್ಷ ಕಟ್ಟಬೇಕು.

ಇದು ಬಂದ ಮೇಲೆ ನೋಟಿಸ್ ಹೋಗುವುದು ಚಾನೆಲ್‌ನವರಿಗೆ. 2007ರಲ್ಲಿ ಎಎಕ್ಸ್‌ಎನ್, ಎಫ್‌ಟಿವಿ ಅನ್ನುವ ವಿದೇಶಿ ಚಾನೆಲ್ ಎರಡಕ್ಕೂ ಎರಡೆರಡು ತಿಂಗಳು ಬಂದ್ ಅಂತ ಆದೇಶ ಆದಾಗ, ಯಾಕೆ ಅಂತಲೂ ಎಲ್ಲರಿಗೂ ತಿಳಿಯಿತು.

ಕೊಡಗಿನ ಮಾಜಿ ಸೈನಿಕ

ಓದುತ್ತಾ ಇದ್ದೆ. ಒಂದು ಮಾತು ಹೇಳಲೇಬೇಕು ಅನ್ನಿಸಿತು.

1999ರ ಜೂನ್, ಕಾರ್ಗಿಲ್ ಯುದ್ಧದ ಸಮಯ. ನಾನು ಸರ್ವಿಸಿನಲ್ಲಿದ್ದೆ. ನಮ್ಮ ಯೂನಿಟ್ ಎಲ್ಲಿದೆ ಅಂತ ಮನೆಗೆ ಬರೆಯುವ ಹಾಗಿರಲಿಲ್ಲ. ಮನೆಯವಳು ಮಡಿಕೇರಿಯಲ್ಲಿ ಕೇಬಲ್ ಟಿವಿ ಮುಂದೆ ಕೂತು ಒಂದೊಂದೇ ಚಾನೆಲ್ ತಿರುಗಿಸುತ್ತಿದ್ದಳು. ಪಾಕಿಸ್ತಾನದ ಪಿಟಿವಿ ಕೂಡ ಬರುತ್ತಿತ್ತು. ಅವರ ವಾರ್ತೆಯಲ್ಲಿ ನಮ್ಮವರು ಇಷ್ಟು ಜನ ಸತ್ತರು ಅಂತ ಹೇಳುತ್ತಿದ್ದರು. ನಿಜವೋ ಸುಳ್ಳೋ ಅವಳಿಗೆ ಹೇಗೆ ಗೊತ್ತಾಗಬೇಕು? ಮಗಳು ಆಗ ಐದನೇ ಕ್ಲಾಸು. "ಪಪ್ಪ ಇರೋ ಕಡೆನಾ ಅದು?" ಅಂತ ಕೇಳಿದಳಂತೆ. ಆಮೇಲೆ ಸರ್ಕಾರ ಕೇಬಲ್‌ನಲ್ಲಿ ಪಿಟಿವಿ ನಿಲ್ಲಿಸಿತು. ಆ ರಾತ್ರಿ ಮನೆಯವಳು ಸ್ವಲ್ಪ ನಿದ್ದೆ ಮಾಡಿದಳು.

ಕಾರಣ ಬರೆದು ಕೊಡಿ, ನೋಟಿಸ್ ಕೊಡಿ ಅನ್ನುವುದೆಲ್ಲ ಶಾಂತಿ ಕಾಲಕ್ಕೆ ಸರಿ. ಹೊರಗಿನವರು ನಮ್ಮ ಮನೆಯೊಳಗೆ ಏನು ಹೇಳಬೇಕು ಅನ್ನುವುದನ್ನು ತೀರ್ಮಾನಿಸುವ ಹಕ್ಕು ದೇಶಕ್ಕೆ ಇರಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಹುಬ್ಬಳ್ಳಿ ಹಳೇ ಕೇಬಲ್

ಸರ್, ನಿಮಗೆ, ನಿಮ್ಮ ಮನೆಯವರಿಗೆ ನಮಸ್ಕಾರ. ಆ ಆದೇಶ ಬಂದ ದಿನ ಪಿಟಿವಿ ಕೊಡುತ್ತಿದ್ದ ರಿಸೀವರ್‌ನ ವೈರ್ ನಾನೇ ಕಿತ್ತೆ. ಅದಕ್ಕೆ ಇವತ್ತೂ ಬೇಸರ ಇಲ್ಲ. ಯುದ್ಧ ನಡೆಯುತ್ತಿತ್ತು, ಕಾರಣ ಎಲ್ಲರ ಕಣ್ಣ ಮುಂದೆ ಇತ್ತು. ಕೇಳಲು ಬಂದವರಿಗೆ ಒಂದೇ ಮಾತು ಹೇಳಿದೆ, ವಾಪಸ್ ಹೋದರು.

ನನ್ನ ನೋವು ಬೇರೆ ದಿನಗಳದ್ದು. ಒಂದು ಸಲ ಒಂದು ಕಚೇರಿಯಿಂದ ಫೋನ್ ಬಂತು. "ಆ ಚಾನೆಲ್ ತೆಗೆದುಬಿಡಿ." ಯಾಕೆ ಸಾಹೇಬರೇ ಅಂದೆ. "ಮೇಲಿಂದ ಹೇಳಿದ್ದಾರೆ." ಕಾಗದ ಕೊಡುತ್ತೀರಾ ಅಂದೆ. ಫೋನ್ ಇಟ್ಟರು. ತೆಗೆದೆ. ತೆಗೆಯದೆ ಇರಲು ನನಗೆ ಧೈರ್ಯ ಎಲ್ಲಿತ್ತು? ಇಪ್ಪತ್ತು ದಿನ ಆದ ಮೇಲೆ ಇನ್ನೊಂದು ಫೋನ್, "ಹಾಕಿಕೊಳ್ಳಿ". ಆ ಇಪ್ಪತ್ತು ದಿನ ಜನ ನನ್ನನ್ನು ಬೈದರು. ನಾನೇ ದುಡ್ಡಿನ ಆಸೆಗೆ ಚಾನೆಲ್ ಕತ್ತರಿಸಿದೆ ಅಂದುಕೊಂಡರು. ಯಾರು ತೆಗೆಸಿದರು, ಯಾಕೆ ತೆಗೆಸಿದರು ಅಂತ ನನಗೂ ಗೊತ್ತಿರಲಿಲ್ಲ, ಬೈದವರಿಗೂ ಗೊತ್ತಿರಲಿಲ್ಲ.

ಅದಕ್ಕೇ ನಾನು ಎರಡು ಹೇಳುತ್ತೇನೆ ಸರ್. ನಮ್ಮ ಮನೆಗೆ ಬರುವ ಚಾನೆಲ್‌ಗೆ ನಮ್ಮ ಊರಲ್ಲಿ ಒಂದು ವಿಳಾಸ ಇರಬೇಕು. ಅದನ್ನು ನಿಲ್ಲಿಸುವವರಿಗೂ ಒಂದು ಹೆಸರು, ಒಂದು ಕಾಗದ ಇರಬೇಕು. ಯುದ್ಧ ಕಾಲದಲ್ಲಿ ಕಾಗದ ಎರಡು ದಿನ ತಡ ಆಗಲಿ, ಒಪ್ಪುತ್ತೇನೆ. ಆದರೆ ಬರಬೇಕು.

ಬೆಂಗಳೂರು ರಾತ್ರಿ ಪಾಳಿ

ಹಳೇ ಕೇಬಲ್ ಅಣ್ಣಾ, ನೀವು ಹೇಳಿದ್ದಕ್ಕೆ ಒಂದು ಉದಾಹರಣೆ. 2015ರ ಏಪ್ರಿಲ್ 22. ಪಾಳಿ ಮುಗಿಸಿ ಬಂದು ಟಿವಿ ಹಾಕಿದೆ. ಅಲ್ ಜಝೀರಾ ಇಂಗ್ಲಿಷ್ ಜಾಗದಲ್ಲಿ ನೀಲಿ ಪರದೆ. ಸಚಿವಾಲಯದ ಸೂಚನೆಯಂತೆ ಏಪ್ರಿಲ್ 27ರ ತನಕ ಈ ಚಾನೆಲ್ ಸಿಗುವುದಿಲ್ಲ ಅಂತ ಬರೆದಿತ್ತು. ಐದು ದಿನ. ಭಾರತದ ನಕ್ಷೆಯಲ್ಲಿ ಕಾಶ್ಮೀರವನ್ನು ತಪ್ಪಾಗಿ ತೋರಿಸಿದ್ದಕ್ಕೆ. ಐದು ದಿನ ಜಾಸ್ತಿಯಾ ಕಮ್ಮಿಯಾ ಅಂತ ವಾದ ಮಾಡಬಹುದು. ಆದರೆ ಯಾರು ನಿಲ್ಲಿಸಿದರು, ಎಷ್ಟು ದಿನ, ಯಾಕೆ, ಮೂರೂ ಗೊತ್ತಿತ್ತು. ಹಾಗಾಗಿ ವಾದ ಮಾಡಲು ಆಯಿತು.

ಲಾ ಓದುವವಳು, ಮೈಸೂರು

ಇದಕ್ಕೆ ಉಲ್ಟಾ ನಡೆದದ್ದು ಮೀಡಿಯಾ ಒನ್ ಪ್ರಕರಣ. ಅದು ನಮ್ಮದೇ ದೇಶದ ಮಲಯಾಳಂ ಚಾನೆಲ್, ಆದರೂ ಸಿಗ್ನಲ್ ಏರಿಸುವ, ಇಳಿಸುವ ಅದೇ ಅಪ್‌ಲಿಂಕ್, ಡೌನ್‌ಲಿಂಕ್ ಅನುಮತಿಯ ವಿಷಯ. 2022ರ ಜನವರಿ 31ಕ್ಕೆ ಅನುಮತಿ ನವೀಕರಿಸಲು ನಿರಾಕರಿಸಿದರು. ಕಾರಣ ಭದ್ರತೆ. ವಿವರ ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಮಾತ್ರ. ಚಾನೆಲ್‌ನವರಿಗೆ ತಮ್ಮ ತಪ್ಪು ಏನು ಅಂತಲೇ ತೋರಿಸಲಿಲ್ಲ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ನಿರಾಕರಣೆಯನ್ನು ರದ್ದು ಮಾಡಿತು. ರಾಷ್ಟ್ರೀಯ ಭದ್ರತೆ ಅಂದ ಮಾತ್ರಕ್ಕೆ ಕಾರಣ ಕೊಡುವ ಹೊಣೆ ತಪ್ಪುವುದಿಲ್ಲ ಅಂತ.

ಸರ್, ನಿಮ್ಮ ಮನೆಯವರ ಆ ರಾತ್ರಿ ನನಗೆ ಮರೆಯುವುದಿಲ್ಲ. ಆದರೂ ಕಾನೂನು ಓದುವವಳಾಗಿ ಕಾಕಾ ಜೊತೆಗೇ ನಿಲ್ಲುತ್ತೇನೆ.

ಕಾಠ್ಮಂಡು ಹೋಟೆಲ್ ಕೆಲಸ

ನಾನು ಕುಂದಾಪುರ ಕಡೆಯವ. 2018ರಿಂದ ನಾಲ್ಕು ವರ್ಷ ಕಾಠ್ಮಂಡುವಿನ ಒಂದು ಹೋಟೆಲ್ ಅಡುಗೆಮನೆಯಲ್ಲಿದ್ದೆ. ನಾವು ಇಲ್ಲಿ ಹೊರಗಿನಿಂದ ಬರುವ ಚಾನೆಲ್ ಬಗ್ಗೆ ಮಾತಾಡುತ್ತಿದ್ದೇವೆ. ಅಲ್ಲಿಯವರಿಗೆ ಹೊರಗಿನ ಚಾನೆಲ್ ಅಂದರೆ ನಮ್ಮದು. ಇದನ್ನು ಮರೆಯಬಾರದು ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

2020ರ ಜುಲೈ. ನಮ್ಮ ಕೆಲವು ನ್ಯೂಸ್ ಚಾನೆಲ್‌ಗಳು ನೇಪಾಳದ ಪ್ರಧಾನಿ ಓಲಿಯವರ ಬಗ್ಗೆ ಬಹಳ ಕೀಳಾಗಿ ತೋರಿಸಿದವು. ನಾನೇ ನೋಡಿದ್ದೇನೆ, ಪಕ್ಕದಲ್ಲಿ ಪಾತ್ರೆ ತೊಳೆಯುವ ನೇಪಾಳಿ ಹುಡುಗನ ಮುಖ ನೋಡಲು ನನಗೇ ನಾಚಿಕೆ ಆಯಿತು. ಅವನೇನೂ ಓಲಿಯವರ ಪಕ್ಷದವನಲ್ಲ. ಆದರೂ ಅವನ ದೇಶ ಅಲ್ವಾ? ಮರುದಿನ ಭಾರತದ ಖಾಸಗಿ ನ್ಯೂಸ್ ಚಾನೆಲ್ ಒಂದೂ ಇಲ್ಲ. ದೂರದರ್ಶನ ಮಾತ್ರ ಬಿಟ್ಟಿದ್ದರು. ನಿಲ್ಲಿಸಿದ್ದು ಅಲ್ಲಿನ ಕೇಬಲ್‌ನವರೇ. ಕೆಲವು ದಿನದ ಮೇಲೆ ಬಹಳಷ್ಟು ವಾಪಸ್ ಬಂದವು.

ಆ ಹುಡುಗ ಒಂದು ಮಾತು ಕೇಳಿದ. "ದಾಜು, ಇವರ ಮೇಲೆ ದೂರು ಕೊಡಬೇಕಾದರೆ ನಾನು ಎಲ್ಲಿಗೆ ಹೋಗಬೇಕು? ದಿಲ್ಲಿಗಾ?" ನನ್ನ ಬಳಿ ಉತ್ತರ ಇರಲಿಲ್ಲ. ದಾಜು ಅಂದರೆ ಅವರಲ್ಲಿ ಅಣ್ಣ.

ಇನ್ನೊಂದು ವಿಷಯ, ಕ್ಲೀನ್ ಫೀಡ್. ವಿದೇಶಿ ಚಾನೆಲ್ ಬರಲಿ, ಜಾಹೀರಾತು ಇಲ್ಲದೆ ಬರಲಿ ಅನ್ನುವ ರೂಲ್. ನೇಪಾಳದಲ್ಲಿ 2019ರಲ್ಲಿ ಕಾಯ್ದೆ ಆಯಿತು, 2020ರ ಅಕ್ಟೋಬರಿನಿಂದ ಜಾರಿ. ಇದರ ಹಿಂದಿನ ಲೆಕ್ಕ ಸರಳ. ಸೋಪು, ಬಿಸ್ಕತ್ತು, ಶಾಂಪೂ ಕಂಪನಿಯವರು ಭಾರತದ ಚಾನೆಲ್‌ಗೆ ಜಾಹೀರಾತು ಕೊಡುತ್ತಾರೆ. ಆ ಚಾನೆಲ್ ನೇಪಾಳದ ಮನೆಮನೆಯಲ್ಲೂ ಓಡುತ್ತದೆ. ಅಲ್ಲಿನ ಅಂಗಡಿಯಲ್ಲೂ ಅದೇ ಸೋಪು ಮಾರಾಟ ಆಗುತ್ತದೆ. ಹಾಗಾದ ಮೇಲೆ ನೇಪಾಳಿ ಚಾನೆಲ್‌ಗೆ ಯಾಕೆ ದುಡ್ಡು ಕೊಡುತ್ತಾರೆ? ದೊಡ್ಡ ಮರದ ನೆರಳಲ್ಲಿ ಸಣ್ಣ ಗಿಡ ಏಳುವುದಿಲ್ಲ. ಬಾಂಗ್ಲಾದೇಶವೂ 2021ರ ಅಕ್ಟೋಬರ್ 1ರಿಂದ ಇದನ್ನೇ ಜಾರಿ ಮಾಡಿತು. ಜಾಹೀರಾತು ತೆಗೆದು ಕೊಡಲಾಗದ ಚಾನೆಲ್‌ಗಳನ್ನು ಕೇಬಲ್‌ನವರು ನಿಲ್ಲಿಸಬೇಕಾಯಿತು.

ನೋಡುವವರ ಬಾಯಿ ಮುಚ್ಚಿಸದೆ, ಕಾರ್ಯಕ್ರಮಕ್ಕೆ ಕತ್ತರಿ ಹಾಕದೆ ತಮ್ಮವರ ಅನ್ನ ಕಾಯುವ ದಾರಿ ಇದು. ನನಗೆ ಇದು ಸರಿ ಅನ್ನಿಸುತ್ತದೆ.

ಕೋಪನ್‌ಹೇಗನ್ ಕನ್ನಡತಿ

ಕುಂದಾಪುರದ ಅಣ್ಣಾ, ಆ ಹುಡುಗನ ಪ್ರಶ್ನೆ ಇದ್ದದ್ದು ಇದ್ದ ಹಾಗೆ ಯುರೋಪಿನ ಪ್ರಶ್ನೆಯೂ ಹೌದು. ಇಲ್ಲಿ ಅದಕ್ಕೆ ಮಾಡಿದ ಉತ್ತರ ನಮ್ಮದಕ್ಕೆ ಉಲ್ಟಾ ಇದೆ.

1989ರಲ್ಲಿ ಯುರೋಪಿನ ದೇಶಗಳು ಒಂದು ನಿಯಮ ಮಾಡಿಕೊಂಡವು. ಚಾನೆಲ್ ಯಾವ ದೇಶದಲ್ಲಿ ನೆಲೆಸಿದೆಯೋ ಆ ದೇಶ ಮಾತ್ರ ಅದನ್ನು ನೋಡಿಕೊಳ್ಳಬೇಕು. ಉಳಿದ ಸದಸ್ಯ ದೇಶಗಳು ಸುಮ್ನೆ ಬರಲು ಬಿಡಬೇಕು. ಅದೇ ವರ್ಷ ಕೌನ್ಸಿಲ್ ಆಫ್ ಯುರೋಪ್ ಅನ್ನುವ, ಯುರೋಪ್ ಒಕ್ಕೂಟಕ್ಕಿಂತ ಬೇರೆಯಾದ ಸಂಸ್ಥೆ ಕೂಡ ಗಡಿಯಾಚೆಯ ಟಿವಿಗೆ ಬೇರೆಯೇ ಒಂದು ಒಪ್ಪಂದ ಮಾಡಿತು. ಒಂದು ಲೈಸೆನ್ಸ್, ಎಲ್ಲ ಕಡೆ ದಾರಿ. ಕೇಳಲು ಚೆಂದ. ಆದರೆ ಎಲ್ಲಿ ರೂಲ್ ಸಡಿಲವೋ ಅಲ್ಲಿ ಹೋಗಿ ಕೂರುವವರು ಇರುತ್ತಾರಲ್ಲ? ಇಲ್ಲಿನ ಟಿವಿ3 1987ರ ಕೊನೆಯಲ್ಲಿ ಸ್ವೀಡನ್, ಡೆನ್ಮಾರ್ಕ್, ನಾರ್ವೆ ಜನರಿಗೋಸ್ಕರ ಶುರುವಾದದ್ದು ಲಂಡನ್‌ನಿಂದ. ನಿಮ್ಮ ಜೀ ಟಿವಿ ಹಾಂಗ್‌ಕಾಂಗ್‌ನಿಂದ ಬಂದ ಹಾಗೆ.

ರೋಜ್ ಟಿವಿಯ ಕಥೆ ಇಲ್ಲಿ ಹಳಬರಿಗೆಲ್ಲ ಗೊತ್ತು. ಕುರ್ದಿಶ್ ಭಾಷೆಯ ಚಾನೆಲ್. ಇದಕ್ಕೆ ಮೊದಲು ಬ್ರಿಟನ್‌ನಲ್ಲಿ ಮೆಡ್ ಟಿವಿ ಇತ್ತು, 1999ರಲ್ಲಿ ಲೈಸೆನ್ಸ್ ಹೋಯಿತು. ಆಮೇಲೆ ಫ್ರಾನ್ಸ್‌ನಲ್ಲಿ ಮೆಡ್ಯಾ ಟಿವಿ, ಅದೂ 2004ರಲ್ಲಿ ಮುಗಿಯಿತು. ಆಮೇಲೆ ಡೆನ್ಮಾರ್ಕ್‌ನಿಂದ ರೋಜ್ ಟಿವಿ. ಇದು ಟರ್ಕಿಯ ವಿರುದ್ಧ ಹೋರಾಡುತ್ತಿದ್ದ ಕುರ್ದಿಶ್ ಗುಂಪು ಪಿಕೆಕೆಯ ಬಂಡುಕೋರರ ದನಿ ಅಂತ ಟರ್ಕಿ ಮತ್ತೆ ಮತ್ತೆ ದೂರು ಕೊಟ್ಟಿತು. ಡೆನ್ಮಾರ್ಕ್‌ನ ರೇಡಿಯೊ ಮತ್ತು ಟಿವಿ ಮಂಡಳಿ ಕಾರ್ಯಕ್ರಮ ನೋಡಿ, ದ್ವೇಷ ಹುಟ್ಟಿಸುವ ನಿಯಮ ಮುರಿದಿಲ್ಲ ಅಂದಿತು. 2005ರ ನವೆಂಬರಿನಲ್ಲಿ ಟರ್ಕಿಯ ಆಗಿನ ಪ್ರಧಾನಿ ಎರ್ಡೋಗನ್ ಇಲ್ಲಿಗೆ ಬಂದಿದ್ದರು. ರೋಜ್ ಟಿವಿಯ ವರದಿಗಾರರು ಕೂತಿದ್ದಾರೆ ಅಂತ ಪತ್ರಿಕಾಗೋಷ್ಠಿಗೇ ಬರಲಿಲ್ಲ. 2008ರಲ್ಲಿ ಜರ್ಮನಿ ನಿಷೇಧ ಹೇರಿತು. ಯುರೋಪಿನ ನ್ಯಾಯಾಲಯ 2011ರ ಸೆಪ್ಟೆಂಬರ್ 22ರಂದು ಹೇಳಿದ್ದು ಹೀಗೆ. ಜರ್ಮನಿ ತನ್ನ ನೆಲದಲ್ಲಿ ಆ ಚಾನೆಲ್‌ನ ಚಟುವಟಿಕೆ ತಡೆಯಬಹುದು, ಆದರೆ ಡೆನ್ಮಾರ್ಕ್‌ನಿಂದ ಬರುವ ಪ್ರಸಾರವನ್ನೇ ಅಡ್ಡಗಟ್ಟಬಾರದು. ಕೊನೆಗೆ 2012ರ ಜನವರಿಯಲ್ಲಿ ಡೆನ್ಮಾರ್ಕ್‌ನ ಕೋರ್ಟೇ ಭಯೋತ್ಪಾದನೆಗೆ ಬೆಂಬಲ ಅಂತ ದಂಡ ಹಾಕಿತು. ಅದೇ ತಿಂಗಳು ಉಪಗ್ರಹ ಕಂಪನಿ ಸಿಗ್ನಲ್ ನಿಲ್ಲಿಸಿತು.

ನನ್ನ ಸಹೋದ್ಯೋಗಿಯೊಬ್ಬಳು ಕುರ್ದಿಶ್. ಅವಳ ಅಜ್ಜಿಗೆ ಟರ್ಕಿಶ್ ಬರುತ್ತಿರಲಿಲ್ಲ, ಡ್ಯಾನಿಶ್ಶೂ ಬರುತ್ತಿರಲಿಲ್ಲ. ತನ್ನ ಭಾಷೆಯ ಹಾಡು ಕೇಳಲು ಇದ್ದದ್ದು ಅದೊಂದೇ. ಶಾರ್ಜಾದ ಅಣ್ಣಾ, ನಿಮ್ಮ ಅಮ್ಮನ ಸುದ್ದಿ ಓದಿದಾಗ ನನಗೆ ಆ ಅಜ್ಜಿ ನೆನಪಾದರು. ಕೋರ್ಟ್ ತಪ್ಪು ಮಾಡಿತು ಅನ್ನುತ್ತಿಲ್ಲ. ದುಡ್ಡು, ನಂಟು ಎಲ್ಲ ವಿಚಾರಣೆಯಲ್ಲಿ ಬಯಲಾಗಿತ್ತು. ಆದರೆ ಚಾನೆಲ್ ನಿಂತ ಸಂಜೆ ಆ ಅಜ್ಜಿಗೆ ಏನು ಉಳಿಯಿತು ಅಂತ ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ.

ಬೆಂಗಳೂರು ರಾತ್ರಿ ಪಾಳಿ

ಅಕ್ಕಾ, ಚೀನಾದ ಸರ್ಕಾರಿ ಚಾನೆಲ್ ಸಿಜಿಟಿಎನ್ ವಿಷಯವೂ ಈ ತರಹದ್ದೇ ಅಲ್ವಾ?

ಕೋಪನ್‌ಹೇಗನ್ ಕನ್ನಡತಿ

ಹೌದು. 2021ರ ಫೆಬ್ರವರಿ 4ಕ್ಕೆ ಬ್ರಿಟನ್‌ನಲ್ಲಿ ಟಿವಿ ನೋಡಿಕೊಳ್ಳುವ ಸಂಸ್ಥೆ ಆಫ್‌ಕಾಮ್ ಅದರ ಲೈಸೆನ್ಸ್ ರದ್ದು ಮಾಡಿತು. ಲೈಸೆನ್ಸ್ ಒಬ್ಬರ ಹೆಸರಲ್ಲಿ, ಕಾರ್ಯಕ್ರಮ ತೀರ್ಮಾನಿಸುವವರು ಬೇರೆ. ಒಂದೇ ವಾರದಲ್ಲಿ, 11ಕ್ಕೆ, ಚೀನಾ ಬಿಬಿಸಿ ವರ್ಲ್ಡ್ ನ್ಯೂಸ್ ನಿಲ್ಲಿಸಿತು. ಆಮೇಲೆ ನೋಡಿ, ಅದೇ ಸಿಜಿಟಿಎನ್ ಫ್ರಾನ್ಸ್‌ನ ವ್ಯಾಪ್ತಿಗೆ ಬರುತ್ತದೆ ಅಂತ ಫ್ರಾನ್ಸ್ ಹೇಳಿತು. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟರೂ 1989ರ ಆ ಗಡಿಯಾಚೆ ಟಿವಿ ಒಪ್ಪಂದ ಬಿಟ್ಟಿರಲಿಲ್ಲ. ಹಾಗಾಗಿ ಬ್ರಿಟನ್‌ನಲ್ಲೇ ಮತ್ತೆ ತೋರಿಸಲು ದಾರಿ ಆಯಿತು.

ರಷ್ಯಾದ ಸರ್ಕಾರಿ ಚಾನೆಲ್ ಆರ್‌ಟಿಯ ವಿಷಯ ಬೇರೆ. 2022ರ ಮಾರ್ಚಿನಲ್ಲಿ ಇಡೀ ಒಕ್ಕೂಟವೇ ಸೇರಿ ನಿಲ್ಲಿಸಿತು. ಒಂದೊಂದು ಕಾರ್ಯಕ್ರಮ ನೋಡಿ ತೀರ್ಮಾನಿಸುವ ಮಂಡಳಿಗಳನ್ನು ದಾಟಿ, ಉಕ್ರೇನ್ ಯುದ್ಧದ ನಿರ್ಬಂಧದ ಪಟ್ಟಿಗೆ ಸೇರಿಸಿಬಿಟ್ಟರು. ಕೊಡಗಿನ ಸರ್ ಹೇಳಿದ ಮಾತು ಇಲ್ಲೂ ನಡೆಯಿತು ಅನ್ನಬಹುದು. ಆದರೆ ಕಾಗದ ಇತ್ತು. ಅದನ್ನು ಹಿಡಿದೇ ಆರ್‌ಟಿ ಫ್ರಾನ್ಸ್ ಕೋರ್ಟಿಗೆ ಹೋಯಿತು, ವಾದ ಮಾಡಿತು, ಜುಲೈನಲ್ಲಿ ಸೋತಿತು.

ರಾಯಚೂರು ಮೇಷ್ಟ್ರು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನ್ನದು ಹಳೆಯ ನೆನಪು.

1975ರ ಆಗಸ್ಟ್ 1. ನಾನು ಏಳನೇ ಇಯತ್ತೆ. ನಮ್ಮ ಊರಿನ ಶಾಲೆಗೆ ಒಂದು ಟಿವಿ ಪೆಟ್ಟಿಗೆ ಬಂತು. ಅಂಗಳದಲ್ಲಿ ಕೋಳಿ ಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ಹತ್ತಡಿ ಛತ್ರಿ. ಅದು ಸೈಟ್ ಯೋಜನೆ, ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸುವ ಪ್ರಯೋಗ. ಆರು ರಾಜ್ಯಗಳ 2400 ಹಳ್ಳಿ, ನಮ್ಮ ಕಡೆ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆ. ಸಂಜೆ ಶಾಲೆ ಮುಂದೆ ಜನ ಜಾತ್ರೆ ಹಾಗೆ ಸೇರುತ್ತಿದ್ದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಮುಂದೆ ನಾವು ಹುಡುಗರು. ಕರೆಂಟು ಹೋದರೆ ಯಾರೂ ಏಳುತ್ತಿರಲಿಲ್ಲ, ಬರುವ ತನಕ ಕೂತಿರುತ್ತಿದ್ದೆವು.

ಉಪಗ್ರಹ ಅಮೆರಿಕದ್ದು, ಎಟಿಎಸ್-6. ನಾಸಾ ಒಂದು ವರ್ಷಕ್ಕೆ ಕೊಟ್ಟಿತ್ತು. ಆದರೆ ಅದರೊಳಗೆ ಏನು ಬರಬೇಕು ಅನ್ನುವುದು ನಮ್ಮವರ ಕೈಯಲ್ಲಿತ್ತು. ಬಿತ್ತನೆ, ಮಕ್ಕಳ ಆರೋಗ್ಯ, ಶಾಲೆ ಪಾಠ, ಎಲ್ಲ ಇಲ್ಲೇ ಮಾಡಿದ್ದು. 1976ರ ಜುಲೈ 31ಕ್ಕೆ ಮುಗಿಯಿತು. ಮರುದಿನ ಸಂಜೆಯೂ ಜನ ಅಭ್ಯಾಸದಂತೆ ಬಂದು ಕೂತರು. ಏನೂ ಬರಲಿಲ್ಲ. ಎದ್ದು ಹೋದರು. ನಮ್ಮ ಹೆಡ್‌ಮಾಸ್ತರರು ಪೆಟ್ಟಿಗೆಯ ಬಾಗಿಲು ಮುಚ್ಚಿ ಬೀಗ ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

1982ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಒಂದು ನಿರ್ಣಯ ಆಯಿತು. ಒಂದು ದೇಶ ಇನ್ನೊಂದು ದೇಶಕ್ಕೆ ಉಪಗ್ರಹದಿಂದ ನೇರ ಟಿವಿ ಬಿಡಬೇಕಾದರೆ ಮೊದಲು ತಿಳಿಸಿ, ಮಾತಾಡಿ, ಒಪ್ಪಂದ ಮಾಡಿಕೊಳ್ಳಬೇಕು ಅಂತ. ಪರ 107, ವಿರುದ್ಧ 13, ತಟಸ್ಥ 13. ಅಮೆರಿಕ ವಿರುದ್ಧ ಮತ ಹಾಕಿತು. ಒಂಬತ್ತು ವರ್ಷದಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಬಂದಾಗ ಯಾರೂ ಯಾರನ್ನೂ ಕೇಳಲಿಲ್ಲ.

ಉಪಗ್ರಹ ಯಾರದ್ದು ಅನ್ನುವುದು ನನಗೆ ದೊಡ್ಡ ಮಾತಲ್ಲ. ಕೂತು ನೋಡುವ ಜನರಿಗೆ ಏನು ಬೇಕು ಅಂತ ಒಬ್ಬರಾದರೂ ಕೇಳಿದರಾ, ಅದು ಮಾತು.

ಕೊಡಗಿನ ಮಾಜಿ ಸೈನಿಕ

ಮೇಷ್ಟ್ರೇ, ಹಳೇ ಕೇಬಲ್ ಅವರೇ, ಓದಿದೆ. ತಡವಾಗಿಯಾದರೂ ಕಾಗದ ಬರಬೇಕು ಅನ್ನುವುದನ್ನು ಒಪ್ಪುತ್ತೇನೆ. ನಿಲ್ಲಿಸುವ ಹಕ್ಕು ದೇಶಕ್ಕೆ ಬೇಕು ಅನ್ನುವ ಮಾತು ಬಿಡುವುದಿಲ್ಲ.

ಹುಬ್ಬಳ್ಳಿ ಹಳೇ ಕೇಬಲ್

ಬಿಡಬೇಡಿ ಸರ್. ಅದು ಬೇಕು.

ಶಾರ್ಜಾ ತಮ್ಮಾ, ಎಲ್ಲಿ ಹೋದೆ? ನಿನ್ನ ಪ್ರಶ್ನೆ ಬಿಟ್ಟು ನಾವೆಲ್ಲ ಎಲ್ಲೆಲ್ಲಿಗೋ ಹೋದೆವು. ನನ್ನ ಸಲಹೆ ಇದು. ಡಿಶ್ ಇಳಿಸು. ಸಿಕ್ಕಿಬಿದ್ದರೆ ಆ ದೇಶದಲ್ಲಿ ತೊಂದರೆ ನಿನಗೆ, ಊರಲ್ಲಿ ತೊಂದರೆ ನಿನ್ನ ತಮ್ಮನಿಗೆ. ಆದರೆ ಸುಮ್ನೆ ಇಳಿಸಿ ಕೂರಬೇಡ. ನಿಮಗೆ ಪ್ಯಾಕ್ ಕೊಡುವವರಿಗೆ ಕನ್ನಡ ನೋಡುವ ಮನೆ ಎಷ್ಟಿವೆ ಅಂತ ಗೊತ್ತೇ ಇಲ್ಲ, ಯಾಕೆಂದರೆ ನೀವೆಲ್ಲ ಊರಿನ ಬಾಕ್ಸ್‌ನಲ್ಲಿ ನೋಡುತ್ತಿದ್ದೀರಿ. ಅವರ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ. ನಾನು ಕೇಬಲ್ ನಡೆಸುವಾಗ ಒಂದು ಓಣಿಯಿಂದ ಇಪ್ಪತ್ತು ಮನೆಯವರು ಸಹಿ ಹಾಕಿ ಒಂದು ಚಾನೆಲ್ ಕೇಳಿದರೆ ಹಾಕಿಕೊಡುತ್ತಿದ್ದೆ. ಒಬ್ಬೊಬ್ಬರೇ ಬಂದು ಗೊಣಗಿದರೆ ಕೇಳಿಸಿಕೊಳ್ಳುತ್ತಿರಲಿಲ್ಲ. ಮನೆ ಎಷ್ಟು, ಯಾವ ಚಾನೆಲ್ ಬೇಕು, ತಿಂಗಳಿಗೆ ಎಷ್ಟು ಕೊಡಲು ತಯಾರು, ಈ ಮೂರು ಬರೆದು ಕೊಡಿ.

ಕುಡ್ಲದಿಂದ ಶಾರ್ಜಾ

ಎಲ್ಲವನ್ನೂ ಓದಿದೆ. ಎರಡು ಸಲ ಓದಿದೆ. ಅಮ್ಮನಿಗೂ ಮೇಷ್ಟ್ರ ನೆನಪು, ಕೋಪನ್‌ಹೇಗನ್ ಅಕ್ಕ ಬರೆದ ಆ ಅಜ್ಜಿಯ ಸುದ್ದಿ ಓದಿ ಹೇಳಿದೆ. "ಪಾಪ, ಅವಳಿಗೆ ಮಾತಾಡಲಿಕ್ಕೆ ಯಾರಾದರೂ ಇದ್ದರಾ?" ಅಂತ ಕೇಳಿದರು.

ಶುಕ್ರವಾರ ಬೆಳಿಗ್ಗೆ ಡಿಶ್ ಇಳಿಸಿದೆ. ಟೆರೇಸಿನಲ್ಲಿ ಇನ್ನೂ ಇಬ್ಬರು ಇಳಿಸುತ್ತಿದ್ದರು. ಒಬ್ಬರು ಭಟ್ಕಳದವರು, ಒಬ್ಬರು ದಾವಣಗೆರೆಯವರು. ಒಂದೇ ಕಟ್ಟಡದಲ್ಲಿ ಐದು ವರ್ಷದಿಂದ ಇದ್ದೇವೆ, ಮಾತಾಡಿದ್ದು ಅವತ್ತೇ ಮೊದಲು. ಅಲ್ಲೇ ಬಿಸಿಲಿನಲ್ಲಿ ಕೂತು ಪಟ್ಟಿ ಶುರು ಮಾಡಿದೆವು. ನಮ್ಮ ಕಟ್ಟಡದಲ್ಲಿ ಕನ್ನಡದ ಮನೆ ಒಂಬತ್ತು. ಪಕ್ಕದ ಎರಡು ಕಟ್ಟಡ ಇನ್ನೂ ಬಾಕಿ. ಅಣ್ಣಾ, ತಿಂಗಳಿಗೆ ಎಷ್ಟು ಕೊಡಲು ತಯಾರು ಅಂತ ಬರೆಯುವಾಗ ಒಂದೊಂದು ಚಾನೆಲ್‌ಗೆ ಬರೆಯಬೇಕಾ, ಒಟ್ಟು ಪ್ಯಾಕಿಗಾ?

ಹುಬ್ಬಳ್ಳಿ ಹಳೇ ಕೇಬಲ್

ಒಟ್ಟು ಪ್ಯಾಕಿಗೆ ಬರೆಯಿರಿ. ಚಾನೆಲ್ ಹೆಸರು ಕೆಳಗೆ, ಬೇಕಾದ ಕ್ರಮದಲ್ಲಿ. ಮೊದಲ ಹೆಸರು ತಾಯಿಯವರನ್ನೇ ಕೇಳಿ ಹಾಕಿ.

ಅಬುಧಾಬಿ ಧಾರವಾಡದವಳು

ಈಗಷ್ಟೇ ನೋಡಿದೆ. ಅರ್ಜಿಯ ಒಂದು ಪ್ರತಿ ಇಲ್ಲೇ ಹಾಕುತ್ತೀರಾ? ನಮ್ಮ ಕಡೆಯಿಂದಲೂ ಹದಿನಾಲ್ಕು ಮನೆಯವರು ಸಹಿ ಹಾಕಿ ಕೊಡುತ್ತೇವೆ.